ಮೂಗಿಲ್ಲದವನು ಬಿಚ್ಚಿದ ಎಂಜಿನ್

ಕನಸಿನಲ್ಲಿ ನನಗೆ ಈಗಲೂ ಮೂಗಿದೆ. ಅಲ್ಲಿ ಆಲೆಮನೆಯ ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತದೆ, ಅಪ್ಪನ ಸೈಕಲ್ ಚೈನಿನ ಗ್ರೀಸ್ ವಾಸನೆ ಹೊಡೆಯುತ್ತದೆ, ಯಾರೋ ಸಾರಿಗೆ ಒಗ್ಗರಣೆ ಹಾಕಿದ್ದಕ್ಕೆ ಸೀನು ಬಂದು ಎಚ್ಚರವಾಗುತ್ತದೆ. ಎದ್ದು ನೋಡಿದರೆ ಕುವೈತಿನ ಫರ್ವಾನಿಯಾದ ನಮ್ಮ ಫ್ಲ್ಯಾಟು, ಪಕ್ಕದಲ್ಲಿ ಹೆಂಡತಿ ಮತ್ತು ಎಳೆ ಮಗಳು, ಅಡುಗೆಮನೆಯಲ್ಲಿ ಅತ್ತೆ ಕಾಫಿ ಸೋಸುತ್ತಿರುವ ಸದ್ದು. ಸದ್ದು ಮಾತ್ರ. ಕೊರೊನಾ ಬಂದು ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಗೆಳೆಯರಿಗೆಲ್ಲ ಅದು ವಾಪಸ್ಸು ಬಂತು, ನನಗೆ ಬರಲಿಲ್ಲ. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಿರಲಿಲ್ಲ.

ಹಾಗೆ ನೋಡಿದರೆ ವಾಸನೆಯಿಲ್ಲದ ಬದುಕಿಗೆ ನಾನು ಒಗ್ಗಿಹೋಗಿದ್ದೆ. ಗಾಜಿನ ಹಿಂದೆ ಕುಳಿತು ಲೋಕವನ್ನು ನೋಡಿದ ಹಾಗಿರುತ್ತದೆ, ಎಲ್ಲವೂ ಇದೆ, ಯಾವುದೂ ಹತ್ತಿರ ಬರುವುದಿಲ್ಲ. ಹಾಲು ಕೆಟ್ಟಿದೆಯೋ ಇಲ್ಲವೋ, ಅಂಗಿಯನ್ನು ಇನ್ನೊಂದು ದಿನ ಹಾಕಬಹುದೋ ಇಲ್ಲವೋ, ಎಲ್ಲಕ್ಕೂ ಹೆಂಡತಿಯ ಮೂಗೇ ಗತಿ. ನಿಮ್ಮ ಮೂಗಿನಲ್ಲಿ ಇನ್ನೂ ಉಳಿದಿರುವುದೆಂದರೆ ಅದರ ತುದಿಯ ಕೋಪ ಒಂದೇ ಎಂದು ಅವಳು ಚುಚ್ಚುವುದುಂಟು. ಮಾತು ಸುಳ್ಳಲ್ಲ.

ಒಗ್ಗದೆ ಹೋದದ್ದು ಒಂದೇ ವಿಷಯ. ನಮ್ಮ ಮಂಡ್ಯದ ಕಡೆ ಮಗುವನ್ನು ಎತ್ತಿಕೊಂಡವರು ಮೊದಲು ನೆತ್ತಿ ಮೂಸುತ್ತಾರೆ. ಎಣ್ಣೆ, ಹಾಲು, ಸಾಂಬ್ರಾಣಿ ಎಲ್ಲ ಬೆರೆತ ಆ ವಾಸನೆಗೆ ಹೆಸರಿಲ್ಲ, ಆದರೆ ತನ್ನ ಮಗುವಿನದು ಯಾವುದೆಂದು ಹೆತ್ತವರಿಗೆ ಗೊತ್ತಿರುತ್ತದಂತೆ. ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ನಾನೂ ಬಗ್ಗಿ ಮೂಸಿದೆ. ಬೆಚ್ಚಗಿತ್ತು, ಅಷ್ಟೇ. ಆಮೇಲೆ ದಿನವೂ, ಯಾರೂ ನೋಡದ ಹೊತ್ತಿನಲ್ಲಿ, ಮೂಸುತ್ತಲೇ ಬಂದೆ. ಕನಸಿಗೆ ಬರುವುದು ಹಿಂದೆ ಗೊತ್ತಿದ್ದ ವಾಸನೆಗಳು ಮಾತ್ರ. ಮಗಳು ಹುಟ್ಟಿದ್ದು ಮೂಗು ಹೋದ ಮೇಲೆ. ಹೀಗಾಗಿ ಕನಸಿನಲ್ಲಿ ಬೆಲ್ಲಕ್ಕೆ ವಾಸನೆಯಿದೆ, ಗ್ರೀಸಿಗಿದೆ, ನನ್ನ ಮಗಳಿಗಿಲ್ಲ. ಅವಳಿಗೆ ನಾನು ಎಂದಿಗೂ ಪೂರ್ತಿ ಅಪ್ಪನಾಗುವುದಿಲ್ಲವೇನೋ ಎಂಬ ಭಯ ನನ್ನನ್ನು ಒಳಗೇ ತಿನ್ನುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ.

ಹೀಗಿರುವಾಗ ಒಂದು ದಿನ ಮಗುವಿಗೆ ಲಸಿಕೆ ಹಾಕಿಸಿಕೊಂಡು ವಾಪಸ್ಸು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡಿದ್ದ ಹೆಂಡತಿ, ಕಾರಿನೊಳಗೆ ಏನೋ ಸುಟ್ಟ ವಾಸನೆ ಬರುತ್ತಿದೆ ಎಂದಳು. ಮುಂದಿನ ಲಾರಿಯದಿರಬೇಕು ಎಂದೆ. ಲಾರಿ ತಿರುಗಿಹೋಯಿತು, ವಾಸನೆ ಹೋಗಲಿಲ್ಲವಂತೆ. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅತ್ತೆ ಸೆರಗಿನಿಂದ ಮಗುವಿನ ಮುಖ ಮುಚ್ಚಿದರು. ಅತ್ತೆ ಮಾತು ಕಡಿಮೆ, ಆಡಿದರೆ ಮುಗಿಯಿತು.

"ಮಗೀಗೆ ಈ ಹೊಗೆ ಕುಡುಸ್ಬ್ಯಾಡಿ ಅಳಿಯಂದ್ರೆ. ಇದು ನೆಟ್ಟಗಾಗೋಗಂಟ ಮಗ ಈ ಕಾರು ಹತ್ತಾಕಿಲ್ಲ."

ಮನೆಯ ಕೆಳಗೆ ಬಾನೆಟ್ ಎತ್ತಿ ನೋಡಿದೆ. ಎಂಜಿನ್ನಿನ ನೆತ್ತಿಗೆ ಒಂದು ಮುಚ್ಚಳವಿರುತ್ತದೆ, ವಾಲ್ವುಗಳನ್ನು ಮುಚ್ಚುವ ಮುಚ್ಚಳ. ನಮ್ಮ ಊರಿನ ಮೆಕ್ಯಾನಿಕ್ಕುಗಳು ಅದನ್ನು ಟ್ಯಾಪೆಟ್ ಕವರ್ ಎನ್ನುತ್ತಾರೆ, ಅದರಡಿಯ ರಬ್ಬರ್ ಗ್ಯಾಸ್ಕೆಟ್ಟನ್ನು ಪ್ಯಾಕಿಂಗ್ ಎನ್ನುತ್ತಾರೆ. ಕುವೈತಿನ ಬಿಸಿಲಿಗೆ ಆ ಪ್ಯಾಕಿಂಗ್ ಒಣಗಿ, ಅಂಚಿನಿಂದ ಎಣ್ಣೆ ಜಿನುಗಿ, ಕೆಳಗಿನ ಕಾದ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅದು ಸುಟ್ಟು ಎದ್ದ ಹೊಗೆಯನ್ನು ಮುಂದಿನ ಗಾಜಿನ ಬುಡದ ಏಸಿ ಜಾಲರಿ ಒಳಗೆಳೆದುಕೊಂಡು ನೇರವಾಗಿ ಮಗುವಿನ ಮುಖಕ್ಕೆ ಊದುತ್ತಿತ್ತು. ಕಟ್ಟಡಗಳ ಏಸಿಗೆ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ನಕ್ಷೆ ಬರೆಯುವುದು ನನ್ನ ಹೊಟ್ಟೆಪಾಡು. ನನ್ನ ಸ್ವಂತ ಕಾರಿನ ಗಾಳಿ ನನಗೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಗರಾಜಿಗೆ ಕೊಡಿ ಎಂದಳು ಹೆಂಡತಿ. ನಾನು ಒಪ್ಪಲಿಲ್ಲ. ಅವಳಿಗೆ ಅದು ನನ್ನ ಎಂದಿನ ಹಟವೆಂದು ಕಂಡಿತು. ಹಟ ಇತ್ತು, ಆದರೆ ಅದಷ್ಟೇ ಅಲ್ಲ. ಮಗಳ ವಾಸನೆಯನ್ನಂತೂ ನನ್ನಿಂದ ತಿಳಿಯಲಾಗಲಿಲ್ಲ, ಅವಳಿಗೆ ಹತ್ತುವ ಕೆಟ್ಟ ವಾಸನೆಯನ್ನಾದರೂ ನನ್ನ ಕೈಯಾರೆ ನಿಲ್ಲಿಸೋಣ ಎಂದು ಆಸೆ. ಕಟ್ಟಡದ ಕಾವಲಿನವನು ಪಾರ್ಕಿಂಗಿನಲ್ಲಿ ರಿಪೇರಿ ಮಾಡಬಾರದೆಂದು ಮೊದಲು ಗೊಣಗಿದ. ಕೆಳಗೆ ರಟ್ಟು ಹಾಸುತ್ತೇನೆ, ಒಂದು ತೊಟ್ಟು ಎಣ್ಣೆ ನೆಲಕ್ಕೆ ಬೀಳುವುದಿಲ್ಲ ಎಂದ ಮೇಲೆ, ಶುಕ್ರವಾರ ನಮಾಜಿಗೆ ಮೊದಲು ಖಲಾಸ್ ಮಾಡು ಎಂದು ಬಿಟ್ಟ.

ಆ ಶುಕ್ರವಾರ ಮಂಜು ಬಿದ್ದಿತ್ತು. ಮರಳುಗಾಡಿನ ಚಳಿಗಾಲದಲ್ಲಿ ಕೆಲವು ಬೆಳಗುಗಳು ಹಾಗೆ ಬರುತ್ತವೆ. ಎದುರಿನ ಕಟ್ಟಡವಿಲ್ಲ, ರಸ್ತೆಯಿಲ್ಲ, ಬಕಾಲ ಎನ್ನುವ ಕಿರಾಣಿ ಅಂಗಡಿಯ ಬೋರ್ಡಿನ ದೀಪ ಮಾತ್ರ ಎಲ್ಲೋ ತೇಲುತ್ತಿರುತ್ತದೆ. ವಿಮಾನವೊಂದು ತಲೆಯ ಮೇಲೆಯೇ ಹಾದುಹೋಯಿತು, ಕಾಣಲಿಲ್ಲ. ಇಡೀ ಫರ್ವಾನಿಯಾ ಹೊದ್ದು ಮಲಗಿತ್ತು. ಲೋಕಕ್ಕೇ ಮೂಗು ಕಟ್ಟಿದಂತಿದ್ದ ಆ ಬೆಳಗಿನಲ್ಲಿ ನನಗೆ ವಿಚಿತ್ರವಾದ ಸಮಾಧಾನ. ಧೂಳಿಲ್ಲ, ಬಿಸಿಯಿಲ್ಲ, ಎಂಜಿನ್ನಿನ ಹೊಟ್ಟೆ ಬಿಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದೆ. ಸ್ಪಾರ್ಕ್ ಪ್ಲಗ್ಗುಗಳ ಮೇಲೆ ಕುಳಿತಿದ್ದ ಕಾಯಿಲ್‌ಗಳ ವೈರು ಬಿಡಿಸಿ, ಯಾವುದು ಎಲ್ಲಿಯದೆಂದು ಮರೆಯದಂತೆ ರಟ್ಟಿನ ಮೇಲೆ ಸಾಲಾಗಿ ಮಲಗಿಸಿದೆ. ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ ತೆಗೆದೆ. ಮುಚ್ಚಳ ಏಳಲಿಲ್ಲ. ಇಷ್ಟು ವರ್ಷ ಕೂತ ಜಾಗ ಬಿಟ್ಟು ಏಳುವುದೆಂದರೆ ಯಾರಿಗಾದರೂ ಕಷ್ಟವೇ. ಅಂಗೈಯಲ್ಲಿ ಅಂಚಿಗೆ ಮೆಲ್ಲಗೆ ತಟ್ಟುತ್ತಾ ಹೋದೆ. ಕೊನೆಗೊಮ್ಮೆ ಪಿಚ್ಚನೆ ಸದ್ದು ಮಾಡಿ ಬಿಟ್ಟುಕೊಂಡಿತು.

ಎತ್ತಿ ಪಕ್ಕಕ್ಕಿಟ್ಟು ಒಳಗೆ ನೋಡಿದವನು ಹಾಗೆಯೇ ನಿಂತುಬಿಟ್ಟೆ. ಹೊರಗೆಲ್ಲ ಧೂಳು, ಮಸಿ, ಜಿಡ್ಡು. ಒಳಗೆ ಮಾತ್ರ ಜೇನಿನ ಬಣ್ಣದ ಎಣ್ಣೆಯಲ್ಲಿ ಮಿಂದ ಉಕ್ಕು, ಉದ್ದುದ್ದ ಮಲಗಿದ ಎರಡು ಶಾಫ್ಟುಗಳು, ಅವುಗಳ ಮೇಲೆ ನುಣ್ಣನೆಯ ಉಬ್ಬುಗಳು. ಮಂಜಿನ ಬೆಳಕು ಅದರ ಮೇಲೆ ಇಳಿದಿತ್ತು. ಇಷ್ಟು ವರ್ಷ ಇದರ ಹಿಂದೆಯೇ ಕುಳಿತು ಆಫೀಸಿಗೆ ಹೋಗಿಬಂದಿದ್ದೇನೆ, ಇದೇ ಕಾರಿನಲ್ಲಿ ಹೆಂಡತಿಯನ್ನು ಹೆರಿಗೆಗೆ ಕರೆದೊಯ್ದಿದ್ದೇನೆ, ಒಳಗೆ ಹೀಗೊಂದು ಹೊಳಪಿದೆ ಎಂದು ತಿಳಿದಿರಲಿಲ್ಲ. ಬಗ್ಗಿ ಮೂಸಿದೆ. ಅಭ್ಯಾಸಬಲ. ಏನೂ ಇರಲಿಲ್ಲ.

ಹಳೆಯ ಪ್ಯಾಕಿಂಗ್ ಹಪ್ಪಳದ ಹಾಗೆ ಮುರಿದು ಬಂತು. ಅತ್ತೆ ಕೊಟ್ಟಿದ್ದ ಹಳೆಯ ಕಾಟನ್ ಸೀರೆಯ ತುಂಡಿನಿಂದ ಅಂಚನ್ನೆಲ್ಲ ಒರೆಸಿದೆ, ಒಂದು ಎಳೆಯೂ ಒಳಗೆ ಬೀಳದಂತೆ ಉಸಿರು ಬಿಗಿಹಿಡಿದು ಒರೆಸಿದೆ. ಹೊಸ ಪ್ಯಾಕಿಂಗನ್ನು ಮುಚ್ಚಳದ ಅಂಚಿನ ತೋಡಿನಲ್ಲಿ ಬೆರಳಿನಿಂದ ಒತ್ತುತ್ತಾ ಸುತ್ತು ಬಂದೆ. ಮೂಲೆಗಳಿಗೆ ಬಟಾಣಿ ಗಾತ್ರದ ಸೀಲಂಟ್. ಆಮೇಲೆ ಮುಚ್ಚಳ ಕೂರಿಸಿ ನಡುವಿನಿಂದ ಹೊರಕ್ಕೆ, ಈ ಕಡೆಯದೊಂದು ಆ ಕಡೆಯದೊಂದು ಎಂದು ಬೋಲ್ಟುಗಳನ್ನು ಸ್ವಲ್ಪಸ್ವಲ್ಪವೇ ಬಿಗಿಸಿದೆ. ಇಲ್ಲಿ ಸಿಟ್ಟಿನವರಿಗೆ ಕೆಲಸವಿಲ್ಲ. ಸೋರಬಾರದೆಂದು ಜೋರಾಗಿ ತಿರುವಿದರೆ ರಬ್ಬರ್ ಹಿಸುಕಿ ಮೊದಲಿಗಿಂತ ಹೆಚ್ಚು ಸೋರುತ್ತದೆ. ನನ್ನಂಥವನ ಕೈಯೂ ಆ ಬೆಳಗ್ಗೆ ಮೆತ್ತಗಿತ್ತು.

ಸೀಲಂಟ್ ಒಣಗಲು ಬಿಟ್ಟು, ನಮಾಜು ಮುಗಿದು ಜನ ಮನೆಗೆ ಹೋದ ಮೇಲೆ ಕಾರು ಸ್ಟಾರ್ಟ್ ಮಾಡಿದೆ. ಸದ್ದು ಸರಿಯಾಗಿತ್ತು, ಅಂಚು ಒಣಗಿತ್ತು. ಆದರೆ ಹಿಂದೆ ಸೋರಿದ್ದ ಎಣ್ಣೆ ಪೈಪಿನ ಮೇಲೆ ಇನ್ನೂ ಇತ್ತಲ್ಲ, ತೆಳ್ಳಗೆ ಹೊಗೆ ಎದ್ದಿತು. ಅದು ಸುಟ್ಟು ಮುಗಿಯುವವರೆಗೆ ಓಡಿಸಬೇಕು. ಮುಗಿಯಿತೋ ಇಲ್ಲವೋ ಎಂದು ಹೇಳಲು ಒಂದು ಮೂಗು ಬೇಕು. ಮಗು ಮಲಗಿತ್ತು. ಅದನ್ನು ಅತ್ತೆಗೆ ಒಪ್ಪಿಸಿ ಹೆಂಡತಿ ಇಳಿದು ಬಂದಳು. ನಾನು ಕೈ ಒರೆಸಿಕೊಂಡು, ಸ್ಟಿಯರಿಂಗಿಗೆ ಹಳೆಯ ಟವೆಲ್ ಸುತ್ತಿಕೊಂಡು ಹೊರಟೆ.

ಎಗೈಲಾ ಬಡಾವಣೆಯ ದಾರಿ ಹಿಡಿದೆವು. ಮಧ್ಯಾಹ್ನವಾದರೂ ಮಂಜು ಪೂರ್ತಿ ಹರಿದಿರಲಿಲ್ಲ. ಸೂರ್ಯ ಬೆಳ್ಳಗೆ, ನೋಡಬಹುದಾದಷ್ಟು ಮೆತ್ತಗೆ, ಕಾರಿನ ಜೊತೆಜೊತೆಗೇ ಬರುತ್ತಿದ್ದ. ಹೆರಿಗೆಯಾದ ಮೇಲೆ ನಾವಿಬ್ಬರೇ ಹೊರಗೆ ಬಂದದ್ದು ಅದೇ ಮೊದಲು. ಅವಳು ಸೀಟಿಗೊರಗಿ ಕಣ್ಣು ಮುಚ್ಚಿ, ಏಸಿಯ ಬಾಯಿಗೆ ಮುಖವೊಡ್ಡಿ ಕುಳಿತಿದ್ದಳು. ಇದೆ ಎಂದಳು. ಸ್ವಲ್ಪ ದೂರ ಹೋದ ಮೇಲೆ, ಇದೆ, ಆದರೆ ಕಡಿಮೆ ಎಂದಳು. ಆಮೇಲೆ ಅವಳ ತಲೆ ಕಿಟಕಿಯ ಕಡೆ ವಾಲಿತು. ನಿದ್ದೆ ಬಂತೇನೋ ಎಂದುಕೊಂಡೆ.

"ಇಲ್ಲ ಕಣ್ರೀ," ಅಂದಳು. "ಈಗ ಏನೂ ವಾಸ್ನೆ ಇಲ್ಲ."

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ದಿನವೂ ನಾನಿರುವ ಆ ವಾಸನೆಯಿಲ್ಲದ ಜಾಗಕ್ಕೆ ಅವಳೊಮ್ಮೆ ಬಂದು ಕುಳಿತಂತೆ ಅನಿಸಿ, ಇಷ್ಟು ದಿನ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿಬಿಟ್ಟೆ. ಕದ್ದು ಮೂಸಿದ್ದನ್ನು, ಕನಸಿನಲ್ಲೂ ಮಗಳಿಗೆ ವಾಸನೆಯಿಲ್ಲದ್ದನ್ನು, ಹತ್ತು ಮಕ್ಕಳ ನಡುವೆ ಕಣ್ಣು ಕಟ್ಟಿ ಬಿಟ್ಟರೆ ನನ್ನ ಕೂಸನ್ನು ನಾನು ಗುರುತಿಸಲಾರೆ ಎಂಬುದನ್ನು. ಅವಳು ಈ ಸಲ ಚುಚ್ಚಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ, ಹೊಸದಾಗಿ ಎದ್ದ ಮಾಲುಗಳು ಮಂಜಿನೊಳಗಿಂದ ಒಂದೊಂದಾಗಿ ಬಂದು ಹಿಂದೆ ಸರಿಯುವುದನ್ನು ನೋಡುತ್ತಾ ಕುಳಿತಳು. ವಾಪಸ್ಸು ತಿರುಗುವಾಗ, ಮಗಳಿಗೆ ಹಸಿವಾಗಿರುತ್ತದೆ, ಬೇಗ ಹೋಗೋಣ ಎಂದಳು.

ಮನೆಗೆ ಬಂದವನೇ ಬಚ್ಚಲಿಗೆ ನುಗ್ಗಿದೆ. ಎಂಜಿನ್ ಆಯಿಲ್ಲಿನ ಕೈಯಲ್ಲಿ ಮಗು ಮುಟ್ಟುವುದೆಂತು? ಪಾತ್ರೆ ತೊಳೆಯುವ ಸೋಪಿಗೆ ಸಕ್ಕರೆ ಬೆರೆಸಿ ಮೊಣಕೈವರೆಗೆ ಉಜ್ಜಿದೆ. ಕಣ್ಣಿಗೆ ಬೆಳ್ಳಗೆ ಕಂಡಿತು, ಮೂಗಿಗೆ ಗೊತ್ತಾಗುವುದಿಲ್ಲವಲ್ಲ, ಇನ್ನೊಮ್ಮೆ ಉಜ್ಜಿದೆ. ಡೆಟ್ಟಾಲ್ ಸುರಿದುಕೊಂಡು ತಲೆಗೆ ಸ್ನಾನ ಮಾಡಿದೆ. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಅದಕ್ಕೂ ಧೈರ್ಯ ಸಾಲದೆ, ಆಫೀಸಿನ ಗೆಳೆಯನೊಬ್ಬ ಕೊಟ್ಟಿದ್ದ ಅತ್ತರನ್ನು ಕತ್ತಿಗೆ ಸವರಿಕೊಂಡೆ. ಮದುವಣಿಗನ ಹಾಗೆ ಹೊರಗೆ ಬಂದು ಕೈ ಚಾಚಿದೆ.

ಹಾಲು ಕುಡಿದು ಕಣ್ಣರಳಿಸಿಕೊಂಡಿದ್ದ ಮಗಳು ನನ್ನ ಭುಜಕ್ಕೆ ಬಂದದ್ದೇ ತಡ, ಕಿರುಚಿ ಅಳತೊಡಗಿದಳು. ದಿನವೂ ಅದೇ ಭುಜದ ಮೇಲೆ ನಿದ್ದೆ ಹೋಗುವವಳು. ತಟ್ಟಿದೆ, ತೂಗಿದೆ, ಹಜಾರದ ತುಂಬ ಓಡಾಡಿದೆ. ಅವಳು ನನ್ನ ಕತ್ತಿನ ಕಡೆಗೆ ಮುಖ ತಂದು, ಬೆಚ್ಚಿದಂತೆ ಹಿಂದೆ ಸರಿದು, ಮತ್ತೆ ಜೋರಾಗಿ ಅಳುತ್ತಿದ್ದಳು. ಆಯಿಲ್ ವಾಸನೆ ಹೋಗಿಲ್ಲ ಎಂದು ನನಗೆ ಖಾತ್ರಿಯಾಯಿತು. ಅತ್ತೆಯ ಕೈಗೆ ಕೊಟ್ಟು ಮತ್ತೆ ಬಚ್ಚಲಿಗೆ ಹೋಗಿ ಮತ್ತೆ ಸೋಪು, ಮತ್ತೆ ಡೆಟ್ಟಾಲ್, ಮತ್ತೆ ಅತ್ತರು. ಮತ್ತೆ ಎತ್ತಿಕೊಂಡೆ. ಈ ಸಲ ಎರಡೂ ಕೈಗಳಿಂದ ನನ್ನನ್ನು ದೂಡಿದಳು. ಅವಳು ಒರಗಲು ಇದ್ದ ಒಂದು ಭುಜವನ್ನೂ ಕಳೆದುಕೊಂಡೆನಲ್ಲ ಎಂದು ಕಣ್ಣಲ್ಲಿ ನೀರೇ ಬಂತು.

ಹೆಂಡತಿ ಹತ್ತಿರ ಬಂದು ನನ್ನ ಕತ್ತನ್ನು ಮೂಸಿದಳು. ನಗಲು ಹೊರಟವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ಆಯಿಲ್ ಎಲ್ಲಿದೆ? ಸೋಪು, ಡೆಟ್ಟಾಲು, ಅತ್ತರು ಎಲ್ಲಾ ಇದೆ, ನೀವೇ ಇಲ್ಲ. ಅವಳು ನಿಮ್ಮನ್ನ ಹುಡುಕ್ತಿದಾಳೆ ಕಣ್ರೀ."

ನನಗೆ ಅರ್ಥವಾಗಲಿಲ್ಲ. ಅವಳು ನನ್ನನ್ನು ಬಚ್ಚಲಿಗೆ ದಬ್ಬಿ, ಬರಿಯ ನೀರಿನಲ್ಲಿ ಅತ್ತರನ್ನು ತೊಳೆದುಕೊಳ್ಳಿ ಎಂದಳು. ಒಗೆಯುವ ಬಟ್ಟೆಯ ಬುಟ್ಟಿಗೆ ಕೈ ಹಾಕಿ, ನಾನು ಹಿಂದಿನ ರಾತ್ರಿ ತೊಟ್ಟು ಮಲಗಿದ್ದ ಬನಿಯನ್ನನ್ನು ಎಳೆದು ತಂದು ಕೊಟ್ಟಳು. ಮುದುರಿದ, ಬೆವರಿನ ಕಲೆಯ ಬನಿಯನ್ನು. ತೊಟ್ಟುಕೊಂಡೆ. ಅಳುವ ಮಗಳನ್ನು ಅವಳೇ ನನ್ನ ಭುಜದ ಮೇಲೆ ಹಾಕಿದಳು.

ಮಗಳು ಬಿಕ್ಕುತ್ತಾ ಮೂಗನ್ನು ಬನಿಯನ್ನಿನ ಪಟ್ಟಿಗೆ ಉಜ್ಜಿದಳು. ಅಲ್ಲಿಂದ ಕತ್ತಿಗೆ, ಕತ್ತಿನಿಂದ ಕಿವಿಯ ಹಿಂದಕ್ಕೆ, ಮತ್ತೆ ಬನಿಯನ್ನಿಗೆ. ಅಳು ನಿಂತಿತು. ಉದ್ದವಾಗಿ ಒಂದು ಉಸಿರೆಳೆದು, ಮೈಯ ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು, ಬನಿಯನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿದ್ದೆ ಹೋದಳು. ನನಗೂ ಒಂದು ವಾಸನೆಯಿದೆ ಎಂಬುದನ್ನೇ ಇಷ್ಟು ವರ್ಷಗಳಿಂದ ಮರೆತುಬಿಟ್ಟಿದ್ದೆ. ಅದು ಹೇಗಿದೆಯೆಂದು ನನಗೆ ತಿಳಿಯದು, ಹತ್ತು ಅಪ್ಪಂದಿರ ನಡುವೆ ಬಿಟ್ಟರೂ ಅವಳಿಗೆ ತಿಳಿಯುತ್ತದೆ. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲು ಒಂದು ಕೈ ಬೇಕಿತ್ತು. ಎಲ್ಲಿ ಎಚ್ಚರವಾಗುತ್ತಾಳೋ ಎಂದು ಹಾಗೆಯೇ ನಿಂತಿದ್ದೆ.