ಬೊಮ್ಮಪ್ಪ ಕೈ ಕೊಟ್ಟ ಸುಮೋ

ಕೊಟ್ಟೂರು ಸೀಮೆಯಲ್ಲಿ ಎತ್ತು ಕೊಳ್ಳುವವರು ಮೊದಲು ದಲ್ಲಾಳಿ ಬೊಮ್ಮಪ್ಪನನ್ನು ಹುಡುಕುತ್ತಿದ್ದರು, ಆಮೇಲೆ ಎತ್ತನ್ನು. ಮೂವತ್ತು ವರ್ಷ ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು ಬೆಲೆ ಕುದುರಿಸಿದವನು ಅವನು. ಎಷ್ಟಕ್ಕೆ ಮುಗಿಯಿತೆಂದು ಸುತ್ತ ನಿಂತವರಿಗೆ ಗೊತ್ತಾಗಬಾರದೆಂದು ಆ ಟವೆಲ್ಲು. ಒಳಗೆ ಮಾತೆಲ್ಲ ಬೆರಳುಗಳದ್ದೇ. ಕೊನೆಗೆ ಕೈ ಬಿಗಿದು ಹಿಡಿದರೆ ವ್ಯಾಪಾರ ಮುಗಿದಂತೆ. ಆಮೇಲೆ ಎತ್ತು ಕುಂಟಿದರೂ ಹಿಂದೆ ಸರಿಯುವಂತಿಲ್ಲ.

ಇಂಥ ಮನುಷ್ಯನಿಗೆ ಒಂದು ಕಾಯಿಲೆ ಇತ್ತು. ಯಾವುದಕ್ಕೆ ಬೆಲೆ ಕೇಳಿದರೂ ಗೊತ್ತಿಲ್ಲ ಎನ್ನಲು ಅವನ ನಾಲಗೆ ಹೊರಳುತ್ತಿರಲಿಲ್ಲ. ಹುಣಸೆಮರಕ್ಕೂ ಬೆಲೆ ಹೇಳುತ್ತಿದ್ದ, ಕಂಡವರ ಮನೆಯ ಬಾಗಿಲ ಚೌಕಟ್ಟಿಗೂ ಹೇಳುತ್ತಿದ್ದ. ಜನ ಕೇಳುತ್ತಿದ್ದರು, ಇವನು ಹೇಳುತ್ತಿದ್ದ.

ಎರಡು ಸಾವಿರದ ನಾಲ್ಕರಲ್ಲಿ ಅಳಿಯ ಹುಲುಗೇಶ್ ಹಳೆಯದೊಂದು ಸುಮೋ ಕೊಳ್ಳಲು ಹೊರಟ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂದು ಒಂಬತ್ತು ವರ್ಷ ಕಂಡವರ ಗಾಡಿ ಓಡಿಸಿದವನು, ಇನ್ನಾದರೂ ಸ್ವಂತದ್ದು ಇರಲಿ ಎಂದು ಆಸೆ. ಕೂಡಿಟ್ಟಿದ್ದು ಸಾಲದೆ ಮಗಳು ದುರ್ಗಾ ತನ್ನ ಸರ, ಬಳೆ ಎಲ್ಲ ಮಾರಿ ಕೊಟ್ಟಿದ್ದಳು. ಕೊರಳಲ್ಲಿ ಉಳಿದದ್ದು ತಾಳಿ ಮತ್ತು ಕರಿಮಣಿ.

"ಅಪ್ಪಾ, ರೇಟ್ ನೀನ ಕಟ್ಟು. ನೀ ಹೇಳಿದ್ರ ನನಗ ಧೈರ್ಯ," ಅಂದಳು.

ಆ ಕೊರಳು ನೋಡಿ ಬೊಮ್ಮಪ್ಪನಿಗೆ ಆಗದು ಎನ್ನಬೇಕೆನ್ನಿಸಿತು. ಗಾಡಿಯ ಬಗ್ಗೆ ಅವನಿಗೆ ಗೊತ್ತಿದ್ದದ್ದು ಹತ್ತಿ ಕೂರುವುದು, ಇಳಿಯುವುದು, ಇಷ್ಟೇ. ಆದರೂ "ಆತು ಬಿಡವ್ವ" ಎಂದುಬಿಟ್ಟ.

ಗಾಡಿ ಹಿರೇಹಡಗಲಿಯ ಬೆನಕಪ್ಪನದು, ತೊಂಬತ್ತೇಳರ ಮಾಡಲ್. ಬೆನಕಪ್ಪ ಹಳೆಯ ಗಿರಾಕಿ. ಅವನ ಮನೆಯ ಮೂರು ಜೋಡಿ ಎತ್ತಿಗೆ ಬೊಮ್ಮಪ್ಪನೇ ಬೆಲೆ ಕಟ್ಟಿದ್ದ. ಮಾವ ಅಳಿಯ ಬಸ್ ಹತ್ತಿ ಅಲ್ಲಿಗೆ ಹೋದರು. ಅಂಗಳದಲ್ಲಿ ಗಾಡಿ ತೊಳೆದು ನಿಲ್ಲಿಸಿದ್ದರು, ಸೀಟಿಗೆ ಹೊಸ ಕವರು. ಬೊಮ್ಮಪ್ಪ ಒಂದು ಸುತ್ತು ಹಾಕಿ, ಟೈರು ಒದ್ದು, ಏನೋ ತಿಳಿದವನಂತೆ "ಹೂಂ" ಅಂದ.

ಹುಲುಗೇಶ್ ಮಾತ್ರ ಸುಮ್ಮನೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಮಾವನ ಹತ್ತಿರ ಬಂದು ಮೆಲ್ಲಗೆ, "ಬಿಸಿ ಐತ್ರಿ ಮಾವಾ. ನಾವು ಬರಾಕ ಮೊದ್ಲ ಚಾಲು ಮಾಡಿಟ್ಟಾರ. ಎಂಜಿನ್ ತಣ್ಣಗಿದ್ದಾಗ ನೋಡಬೇಕ್ರಿ," ಅಂದ.

ಹುಡುಗ ಹೇಳಿದ್ದು ಸರಿ ಎಂದು ಬೊಮ್ಮಪ್ಪನಿಗೆ ಅನ್ನಿಸಿತು. ಆದರೆ ಅಷ್ಟರಲ್ಲಿ ಓಣಿಯ ಹತ್ತು ಜನ ಕೂಡಿದ್ದರು. "ಬೊಮ್ಮಪ್ಪಣ್ಣ ಬಂದಾನ ಅಂದ್ರ ಇನ್ನೇನು, ರೇಟ್ ಮುಗೀತು," ಎಂದು ಯಾರೋ ಅಂದರು. ಬೆನಕಪ್ಪ ನಗುತ್ತ ಟವೆಲ್ ಚಾಚಿದ. ಮೂವತ್ತು ವರ್ಷದ ರೂಢಿ ನೋಡಿ, ತಲೆ ಬೇಡ ಎನ್ನುವುದರೊಳಗೆ ಕೈ ಒಳಗೆ ಹೋಗಿತ್ತು. ಅವನು ಒಂದು ಲಕ್ಷ ಎಪ್ಪತ್ತು ಸಾವಿರ ಎಂದು ಬೆರಳು ಒತ್ತಿದ, ಇವನು ಒಂದು ಇಪ್ಪತ್ತು ಎಂದು ಒತ್ತಿದ. ಒಂದು ನಲವತ್ತೈದಕ್ಕೆ ಬಂದಾಗ ಬೆನಕಪ್ಪನ ಕೈ ಸಡಿಲಾಯಿತು. ಎತ್ತಿನ ವ್ಯಾಪಾರದಲ್ಲಿ ಕೈ ಸಡಿಲಾದರೆ ಬೆಲೆ ಸರಿಯಾಗಿದೆ ಎಂದೇ ಲೆಕ್ಕ. ಬೊಮ್ಮಪ್ಪ ಬಿಗಿದು ಹಿಡಿದ. ಪಕ್ಕದಲ್ಲೇ ನಿಂತಿದ್ದ ಹುಲುಗೇಶನಿಗೆ ತನ್ನ ಗಾಡಿಯ ಬೆಲೆ ಎಷ್ಟೆಂದು ಗೊತ್ತಾಗಿದ್ದು ಬಸ್ ಹತ್ತಿದ ಮೇಲೆ.

"ಒಂದು ನಲವತ್ತೈದೇನ್ರಿ," ಎಂದವನು ಊರು ಬರುವವರೆಗೂ ಕಿಟಕಿಯ ಆಚೆ ನೋಡುತ್ತ ಕೂತ. ಬೈದಿದ್ದರೆ ಬೊಮ್ಮಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆಯಲ್ಲಿ ಮಗಳು ಖುಷಿಯಿಂದ ಬಡಿಸಿದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಮರುದಿನ ಹಣ ಕೊಟ್ಟು ಗಾಡಿ ತರಬೇಕು. ಮೊದಲ ಬಸ್ಸಿಗೇ ಹೊರಟಿದ್ದರಿಂದ ಬೆನಕಪ್ಪ ಇನ್ನೂ ಹಲ್ಲುಜ್ಜುತ್ತಿದ್ದ. ಹುಲುಗೇಶ್ ಕೀಲಿ ಕೇಳಿ ತಾನೇ ಕೂತ. ಒಮ್ಮೆ, ಎರಡು ಸಲ, ಐದು ಸಲ ತಿರುವಿದ. ಗಾಡಿ ನರಳಿತು, ಹತ್ತಲಿಲ್ಲ. ಕೊನೆಗೆ ನಾಲ್ಕು ಜನ ತಳ್ಳಿದ ಮೇಲೆ ಹತ್ತಿತು. ನೀಲಿ ಹೊಗೆಗೆ ಅಂಗಳದ ಕೋಳಿಗಳೆಲ್ಲ ದಿಕ್ಕಾಪಾಲಾದವು.

ಹುಲುಗೇಶ್ ಆಯಿಲ್ ಮುಚ್ಚಳ ತೆಗೆದ. ಅಲ್ಲಿಂದಲೂ ಹೊಗೆ. "ಎಂಜಿನ್ ಬಿಚ್ಚಬೇಕ್ರಿ ಮಾವಾ. ಮೂವತ್ತು ಸಾವಿರಕ್ಕ ಕಡಿಮಿ ಇಲ್ಲ. ಒಂದು ಹದಿನೈದಕ್ಕಾದ್ರ ಬರೋಬ್ಬರಿ ರೇಟು."

"ಕೈ ಕೊಟ್ಟು ಹೋಗೀರಿ," ಅಂದ ಬೆನಕಪ್ಪ. "ಬೊಮ್ಮಪ್ಪಣ್ಣ ಕೊಟ್ಟ ಕೈ ಅದು."

ಹುಲುಗೇಶ್ ಮಾವನ ಮುಖ ನೋಡಿದ. ಚೀಲದ ಜಿಪ್ಪು ಎಳೆದು ನೋಟಿನ ಕಟ್ಟು ಹೊರತೆಗೆದ. ಮಾವನ ಮಾತು ಉಳಿಸಲು ಹೊರಟಿದ್ದ ಆ ಪುಣ್ಯಾತ್ಮ, ಹೆಂಡತಿಯ ಬಂಗಾರ ಮಾರಿದ ಹಣ ಕೊಟ್ಟು. ಬೊಮ್ಮಪ್ಪನಿಗೆ ನಾಚಿಕೆಯಾಯಿತು, ನಿಂತ ನೆಲ ಬಾಯಿಬಿಡಬಾರದೇ ಎನ್ನುವಷ್ಟು. ಅವನು ಅಳಿಯನ ಮಣಿಕಟ್ಟು ಹಿಡಿದ.

"ಒಳಗಿಡಪ್ಪ. ಬೆನಕಪ್ಪ, ನಾ ಕೊಟ್ಟ ಕೈ ಹಿಂದಕ್ಕ ತಗೊಂಡೀನಿ. ಗಾಡಿ ಬಗ್ಗೆ ನನಗ ಏನೇನೂ ಗೊತ್ತಿಲ್ಲ. ಬೆಪ್ಪನಂಗ ಬಾಯಿಗೆ ಬಂದ ರೇಟು ಕಟ್ಟೀನಿ. ತಪ್ಪು ನಂದು."

ಬೆನಕಪ್ಪ ಸಿಟ್ಟಾಗುತ್ತಾನೆಂದು ಬೊಮ್ಮಪ್ಪ ಎಣಿಸಿದ್ದ. ಅವನು ಸಿಟ್ಟಾಗಲಿಲ್ಲ. ಬಾಯಿ ಮುಕ್ಕಳಿಸಿ, ನಿಧಾನಕ್ಕೆ ಮುಖ ಒರೆಸಿಕೊಂಡು ಕೇಳಿದ:

"ಹಂಗಾದ್ರ ಬೊಮ್ಮಪ್ಪಣ್ಣ, ನನ್ನ ಮೂರು ಜೋಡಿ ಎತ್ತಿಗೆ ರೇಟು ಕಟ್ಟಿದ್ಯಲ್ಲ, ಅದೂ ಹಿಂಗನಾ?"

ಇಲ್ಲ ಎನ್ನಲು ಬೊಮ್ಮಪ್ಪ ಬಾಯಿ ತೆರೆದ. ಎರಡು ಜೋಡಿಯನ್ನು ಬಾಯಿ ಬಿಡಿಸಿ ಹಲ್ಲು ಎಣಿಸಿ, ನಡೆಸಿ ನೋಡಿದ್ದು ನಿಜ. ಮೂರನೆಯದರ ದಿನ ಸಂತೆಯಲ್ಲಿ ಗದ್ದಲವಿತ್ತು, ಬಿಸಿಲಿತ್ತು, ಜನ ಕಾಯುತ್ತಿದ್ದರು. ಆ ಜೋಡಿಯ ಹಲ್ಲೂ ನೋಡದೆ ಕೈ ಬಿಗಿದಿದ್ದ.

ಹುಲುಗೇಶ್ ಚೀಲವನ್ನು ಹೆಗಲಿಗೆ ಹಾಕಿಕೊಂಡು, "ನಡೀರಿ ಮಾವಾ, ಬಸ್ ಬರೋ ಹೊತ್ತಾತು," ಅಂದ.