ನಿಕಾನೋರಾ ಅತ್ತೆಯ ಮಸಿ ಹಿಡಿದ ಮಡಕೆ

ನನ್ನ ಸೋದರತ್ತೆ ನಿಕಾನೋರಾ ನಲವತ್ತು ವರ್ಷ ಮಡಕೆ ಮಾಡಿದಳು. ಪ್ವೆಬ್ಲಾ ಸಂತೆಯಲ್ಲಿ ಅವು ವ್ಯಾಪಾರಿಯ ಹೆಸರಿನಲ್ಲೇ ಬಿಕರಿಯಾಗುತ್ತಿದ್ದವು. ಅವಳ ಜೀವಮಾನದ ಕೊರಗು ಅದೊಂದೇ.

ನಮ್ಮ ಮೆಕ್ಸಿಕೊದಲ್ಲಿ ಕ್ರಾಂತಿಯ ಬಂದೂಕುಗಳು ಸುಮ್ಮನಾದ ಮೇಲೆ ರಾಜಧಾನಿಯಿಂದ ಎವಾರಿಸ್ತೊ ಎಂಬ ಅಧಿಕಾರಿ ಬಂದ. ನಿನ್ನೆಯವರೆಗೆ ಪ್ಯಾರಿಸ್ಸಿನ ಪಿಂಗಾಣಿಗೆ ಬಾಯಿ ಬಿಡುತ್ತಿದ್ದ ದೊಡ್ಡವರಿಗೆ ಈಗ ನಮ್ಮ ಮಣ್ಣೇ ದೇಶವಂತೆ! ಸ್ವಾತಂತ್ರ್ಯದ ನೂರನೇ ವರ್ಷಕ್ಕೆ ಪ್ರದರ್ಶನವಿದೆ, ಒಂದು ಮಡಕೆ ಮಾಡಿಕೊಡಿ ಎಂದ.

"ನನ್ನ ಹೆಸರು ಹಾಕ್ತೀರಾ, ಸ್ವಾಮಿ?"

"ಎಲ್ಲದಕ್ಕೂ ಒಂದೇ ಚೀಟಿ ಕಣಮ್ಮಾ. ಮೆಕ್ಸಿಕೊದ ಕೈಕೆಲಸ ಅಂತ."

"ಯಾರ್ರೀ ಅವಳು, ಮೆಕ್ಸಿಕೊ? ಒಂದಿನಾದ್ರೂ ಮಣ್ಣು ತುಳಿದಿದ್ದಾಳಾ?"

ಅವನು ನಕ್ಕು ಹೋದ. ಅತ್ತೆ ಸಿಟ್ಟಿನಲ್ಲೇ ಮಡಕೆ ಮಾಡಿದಳು. ಹೊಟ್ಟೆಯ ಮೇಲೆ ಹಕ್ಕಿ, ಕತ್ತಿನ ಸುತ್ತ ಹೂಬಳ್ಳಿ. ಅಂಥ ಮಡಕೆಯನ್ನು ನಾನಂತೂ ಕಂಡಿರಲಿಲ್ಲ. ಆಮೇಲೆ, ನಮ್ಮೂರಲ್ಲಿ ಯಾರಿಗೇ ಮಡಕೆ ಕೊಡುವಾಗಲೂ ಮಾಡುವಂತೆ, ಅದರ ತಳಕ್ಕೆ ಬೆಳ್ಳುಳ್ಳಿ ತಿಕ್ಕಿ, ಸುಣ್ಣದ ನೀರು ಕುದಿಸಿ ಪಳಗಿಸಿದಳು. ಎವಾರಿಸ್ತೊ ಒಯ್ಯಲು ಬಂದ ದಿನ ಅದರಲ್ಲಿ ಕಾಳು ಬೇಯುತ್ತಿತ್ತು.

ಪುಣ್ಯಾತ್ಮ ತಲೆ ಮೇಲೆ ಕೈ ಹೊತ್ತುಕೊಂಡ. "ಅಯ್ಯೋ, ಹಾಳು ಮಾಡಿಬಿಟ್ರಲ್ಲಮ್ಮಾ! ಇದು ನೋಡೋಕೆ ಕೇಳಿದ್ದು, ಬೇಯಿಸೋಕಲ್ಲ! ತಳ ನೋಡಿ, ಬರೀ ಮಸಿ!"

"ಪಳಗಿಸದ ಮಡಕೆ ಕೊಟ್ಟು ದೇಶದ ಮುಂದೆ ಮಾನ ಕಳ್ಕೊಳ್ಳಲಾ? ಸುಮ್ನೆ ಕೂತ್ಕೊಂಡು ಊಟ ಮಾಡಿ."

ಹೊಸದು ಮಾಡಿ ಒಣಗಿಸಿ ಸುಡಲು ಹದಿನೈದು ದಿನ ಬೇಕು, ರೈಲು ನಾಳೆಯೇ. ಬೇರೆ ದಾರಿ ಕಾಣದೆ ಅವನು ಕೂತ. ಮೆಕ್ಕೆಜೋಳದ ರೊಟ್ಟಿ ಮುರಿದು ಕಾಳು ಉಂಡ, ಮತ್ತೆ ಹಾಕಿಸಿಕೊಂಡ, ಕೊನೆಗೆ ಮಡಕೆಯ ತಳವನ್ನೂ ಬಳಿದ.

"ಇದನ್ನ ಮಿಕ್ಕವುಗಳ ಸಾಲಲ್ಲಿ ಇಡೋಕಾಗಲ್ಲ. ಬೇರೇನೇ ಇಡಬೇಕು, ಬೇರೆ ಚೀಟಿ ಬರೀಬೇಕು," ಎಂದು ಗೊಣಗಿಕೊಂಡು ಪೆನ್ಸಿಲ್ ತೆಗೆದ. "ನಿಮ್ಮ ಪೂರ್ತಿ ಹೆಸರು ಹೇಳಿ."

ಊರಿನ ಬಾಯನ್ನೇ ಮುಚ್ಚಿಸುತ್ತಿದ್ದ ಅತ್ತೆ ಆಗ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನೇ ಹೇಳಿದೆ.

ಸೆಪ್ಟೆಂಬರಿನಲ್ಲಿ ಅವಳನ್ನು ರಾಜಧಾನಿಗೆ ಕರೆದುಕೊಂಡು ಹೋದೆ. ಸಾಲುಸಾಲು ಚೆಂದದ ಮಡಕೆಗಳಿಗೆ ಒಂದೇ ಚೀಟಿ ಇತ್ತು. ನಮ್ಮದು ಒಂದು ಕಡೆ, ಮಸಿಯ ಸಮೇತ, ತನ್ನದೇ ಚೀಟಿಯ ಜೊತೆ ಕೂತಿತ್ತು. ಓದು ಬಾರದ ಅತ್ತೆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಇಷ್ಟೂ ನಾನೇ ಏನೋ?"

"ನೀನೇ ಅತ್ತೆ. ನಿಕಾನೋರಾ ತ್ಲಪಾಲೆ, ಮಡಕೆ ಮಾಡಿದವಳು."

ಅವಳ ಕಣ್ಣು ತುಂಬಿತು. ಪಕ್ಕದಲ್ಲಿ ಟೋಪಿ ತೊಟ್ಟ, ಸಾಹುಕಾರರ ಮನೆಯ ಇಬ್ಬರು ಹೆಂಗಸರು ನಿಂತಿದ್ದರು. ಅತ್ತೆ ಸೆರಗಿನಂಥ ತನ್ನ ಶಾಲಿನಲ್ಲಿ ಮೂಗೊರೆಸಿಕೊಂಡು ನನ್ನ ಪಕ್ಕೆಗೆ ತಿವಿದಳು.

"ಇನ್ನೊಂದ್ಸಲ ಓದೋ. ಗಟ್ಟಿಯಾಗಿ."