ಹಾಸು ಇಳಿಯುವ ತನಕ

ಮದುವೆ ಮನೆಯಲ್ಲಿ ಯಾರಾದರೂ ಗದ್ವಾಲ ಸೀರೆ ಉಟ್ಟು ಬಂದರೆ ನಮ್ಮ ಕಡೆಯ ಹೆಂಗಸರು ಮೊದಲು ಹಿಡಿದು ನೋಡುವುದು ಅಂಚನ್ನು. ಒಡಲು ಹತ್ತಿಯದು, ಅಂಚು ರೇಷ್ಮೆಯದು. ಎರಡೂ ಕೂಡುವ ಜಾಗದಲ್ಲಿ ಬೆರಳಾಡಿಸಿ, ಎಲ್ಲೂ ಒಂದು ಸುಕ್ಕಿಲ್ಲ ನೋಡು, ಎಷ್ಟು ಚೆಂದ ಕೂಡಿಸಿದ್ದಾರೆ ಎಂದು ಮೆಚ್ಚಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಎದ್ದು ಬೇರೆ ಕಡೆ ಹೋಗಿ ಕೂರುತ್ತೇನೆ. ಇವಳಿಗೆ ಹೊಟ್ಟೆಕಿಚ್ಚು ಎಂದು ಅಂದುಕೊಳ್ಳುವವರು ಅಂದುಕೊಳ್ಳಲಿ. ಆ ಕೂಡಿಕೆ ಒಬ್ಬರ ಕೈಯಿಂದ ಆಗುವಂಥದಲ್ಲ. ಒಂದೇ ಮಗ್ಗಕ್ಕೆ ಇಬ್ಬರು ಕೂರಬೇಕು. ಒಬ್ಬರು ನೇಯುತ್ತಿದ್ದರೆ ಇನ್ನೊಬ್ಬರು ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕುಳಿತು, ಅಂಚಿನ ಲಾಳಿ ಹಿಡಿದು, ಎಳೆಗೆ ಎಳೆ ಸಿಕ್ಕಿಸಬೇಕು. ಗದ್ವಾಲದ ಒಂದು ಮನೆಯಲ್ಲಿ ಆ ಇಬ್ಬರೆಂದರೆ ನನ್ನ ತಂಗಿ ಮತ್ತು ಅವಳ ಗಂಡ.

ನಮ್ಮ ತವರು ಮಕ್ತಲ್. ಅಪ್ಪ ನಾರಾಯಣಪೇಟೆಯ ಚೌಕಳಿ ಸೀರೆ ನೇಯುತ್ತಿದ್ದ. ಅದಕ್ಕೆ ಒಬ್ಬರೇ ಸಾಕು. ಹಾಗಾಗಿ ಗಂಡ ಹೆಂಡತಿ ಒಂದೇ ಮಗ್ಗಕ್ಕೆ ಕೂರುವುದೆಂದರೆ ಏನೆಂದು ನಮಗೆ ಗೊತ್ತಿರಲಿಲ್ಲ. ತಂಗಿಯನ್ನು ನೋಡಲು ಗದ್ವಾಲದವರು ಬಂದಾಗ ಹುಡುಗನ ತಾಯಿ ಇವಳ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಕೈ ಹಿಡಿದುಕೊಂಡು, ಅಂಗೈ ಮೇಲೆ ಮಾಡಿ, ಒಂದೊಂದೇ ಬೆರಳಿನ ತುದಿಯನ್ನು ಒತ್ತಿ ನೋಡಿದಳು.

"ಬೆರಳು ಸಣ್ಣು ಅದಾವ. ಅಂಗೈ ಬೆವರಂಗಿಲ್ಲ. ರೇಷ್ಮಿ ಹಿಡಿಯಾಕ ಇಂಥಾ ಕೈನ ಬೇಕ್ರೀ," ಎಂದಳು.

ವರದಕ್ಷಿಣೆಯ ಮಾತೇ ಬರಲಿಲ್ಲ. ನಮ್ಮವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನನ್ನ ಮಗಳನ್ನ ಕೈ ನೋಡಿ ಒಯ್ದಾರ" ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದಳು.

ಕೈ ನೋಡಿ ಒಯ್ದವನು ಕೈಯನ್ನು ಜೋಪಾನವಾಗಿಯೇ ಇಟ್ಟ. ಬೆನ್ನಿಗೆ ಹೊಡೆದ, ಪಕ್ಕೆಗೆ ಒದ್ದ, ಕೂದಲು ಹಿಡಿದು ತಲೆಯನ್ನು ಮಗ್ಗದ ಕಂಬಕ್ಕೆ ಜಜ್ಜಿದ. ಕೈಗೆ ಮಾತ್ರ ಒಂದು ದಿನವೂ ಹೊಡೆಯಲಿಲ್ಲ.

ನನಗೆ ಇದು ಗೊತ್ತಾದದ್ದು ಪಂಚಮಿಗೆ ಅವಳು ತವರಿಗೆ ಬಂದಾಗ. ತಲೆಗೆ ಎಣ್ಣೆ ಹಚ್ಚಲು ಕೂದಲು ಬಿಡಿಸಿದೆ, ಅವಳು ಬೆಂಕಿ ತಾಗಿದಂತೆ ತಲೆ ಎಳೆದುಕೊಂಡಳು. ಒತ್ತಾಯ ಮಾಡಿ ಕುಪ್ಪಸ ಸರಿಸಿ ಬೆನ್ನು ನೋಡಿದೆ. ಏನಾಯಿತೆಂದು ಕೇಳುವ ಅಗತ್ಯವೇ ಇರಲಿಲ್ಲ, ಆದರೂ ಕೇಳಿದೆ.

"ಎಳಿ ಹರೀತಂದ್ರ ಹೊಡೀತಾರಕ್ಕಾ."

"ಹರೀಲಿಲ್ಲಂದ್ರ?"

"ಯಾಕ ಸುಮ್ಮನ ಕುಂತೀದಿ ಅಂತ ಹೊಡೀತಾರ."

ಅವನು ಕುಡುಕನಾಗಿದ್ದರೆ ಹೇಳಿಕೊಳ್ಳಲಿಕ್ಕಾದರೂ ಸುಲಭವಿತ್ತು. ಸೋಮವಾರ ಒಪ್ಪೊತ್ತು ಇರುವ, ಹಣೆಗೆ ವಿಭೂತಿ ಹಚ್ಚಿ ಕೂತು ನೇಯುವ, ಯಾರಿಗೂ ಎತ್ತರದ ದನಿಯಲ್ಲಿ ಮಾತಾಡದ ಮನುಷ್ಯ. ನಾನು ಹೋದಾಗಲೆಲ್ಲ "ಬರ್ರಿ ಅಕ್ಕಾರ, ಕುಂದರ್ರಿ, ಚಾ ಕುಡೀರಿ" ಎನ್ನುತ್ತಿದ್ದ. ಆ ಚಹಾವನ್ನು ನಾನು ಎಷ್ಟೋ ಸಲ ಕುಡಿದಿದ್ದೇನೆ, ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ಅದು ತೆಲಂಗಾಣ ಬಂದ ಹೊಸತು. ಊರೂರಿನಲ್ಲಿ ಗುಲಾಬಿ ಬಣ್ಣ ಎರಚಿ ಕುಣಿದದ್ದು ಇನ್ನೂ ಗೋಡೆಗಳ ಮೇಲೆ ಮಾಸಿರಲಿಲ್ಲ. ನಾನು ಆಗಲೇ ಅಂಗನವಾಡಿ ಟೀಚರು. ನಮ್ಮನ್ನು ಆಗಿನ ಜಿಲ್ಲಾ ಕೇಂದ್ರ ಪಾಲಮೂರಿಗೆ ಕರೆದು ಒಂದು ತರಬೇತಿ ಕೊಟ್ಟಿದ್ದರು. ಮನೆಯೊಳಗಿನ ಹೊಡೆತಕ್ಕೂ ಕಾನೂನು ಇದೆ, ಹೊಡೆಯಬಾರದೆಂದು ಕೋರ್ಟು ಆದೇಶ ಕೊಡಬಹುದು, ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ, ಬೇಕಾದರೆ ಗಂಡನನ್ನೇ ದೂರ ಇರಿಸಬಹುದು ಎಂದು ಚಿತ್ರಪಟ ತೋರಿಸಿ ಹೇಳಿಕೊಟ್ಟರು. ಆ ಪಟವನ್ನೇ ನಾನು ಊರಿಗೆ ತಂದು ಎಷ್ಟೋ ತಾಯಂದಿರಿಗೆ ತೋರಿಸಿದ್ದೆ. ನನ್ನ ತಂಗಿಯ ಬೆನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ದೂರು ಕೊಡಲು ಅವಳನ್ನು ಒಪ್ಪಿಸಲು ಒಂದು ವರ್ಷದ ಮೇಲೆ ಹಿಡಿಯಿತು. ಅಷ್ಟರಲ್ಲಿ ಗದ್ವಾಲವೇ ಜಿಲ್ಲೆಯಾಗಿತ್ತು. ಪಾಲಮೂರಿಗೆ ಅಲೆಯುವುದು ತಪ್ಪಿತು, ದೇವರು ನಮ್ಮ ಕಡೆ ಇದ್ದಾನೆ ಎಂದೇ ನಾನು ತಿಳಿದೆ. ಇಂಥ ದೂರು ಬರೆದುಕೊಳ್ಳುವ ಸಂರಕ್ಷಣಾಧಿಕಾರಿಯಮ್ಮ ತೆಲುಗಿನಲ್ಲಿ ಕೇಳುತ್ತಾ ಹೋದರು, ತಂಗಿ ತೆಲುಗಿನಲ್ಲಿ ಶುರು ಮಾಡಿ, ಅಳು ಬಂದ ಕಡೆಯೆಲ್ಲ ಕನ್ನಡಕ್ಕೆ ಹೊರಳುತ್ತಾ ಹೇಳುತ್ತಾ ಹೋದಳು. ಆಯಮ್ಮ ಒಳ್ಳೆಯವರು. ವಕೀಲರನ್ನು ಕೊಡಿಸಿದರು, ಬೇಗನೆ ಆದೇಶವೂ ಬಂತು. ಅವನು ಅವಳ ಮೈ ಮುಟ್ಟಬಾರದು. ಅವಳನ್ನು ಮನೆಯಿಂದ ಹೊರಗೆ ಹಾಕಬಾರದು. ಒಳಗಿನ ಕೋಣೆ ಅವಳದು, ಅವನು ಅಲ್ಲಿಗೆ ಕಾಲಿಡಬಾರದು.

ಕೋರ್ಟಿನ ಹೊರಗೆ ಬೇವಿನ ಗಿಡದ ಕೆಳಗೆ ನಮ್ಮ ವಕೀಲರು ಅದನ್ನೆಲ್ಲ ಓದಿ ಹೇಳಿದರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ತಂಗಿ ಒಂದೇ ಪ್ರಶ್ನೆ ಕೇಳಿದಳು.

"ಮಗ್ಗ ಯಾವ ಖೋಲಿದು ಸಾರ್?"

ವಕೀಲರಿಗೆ ಅರ್ಥವಾಗಲಿಲ್ಲ. ಮಗ್ಗ ಎಲ್ಲಿದೆಯೋ ಅಲ್ಲೇ ಇರುತ್ತದಮ್ಮ, ಅದಕ್ಕೇನು ಎಂದು ನಕ್ಕು ಇನ್ನೊಂದು ಕೇಸಿನ ವಿಚಾರಣೆಯ ಪೇಶಿಗೆ ಹೋದರು. ಮಗ್ಗ ಇದ್ದದ್ದು ಮುಂದಿನ ಕೋಣೆಯಲ್ಲಿ, ಮತ್ತು ಅದರ ಮೇಲೆ ಹಾಸು ಇತ್ತು.

ನೇಕಾರರ ಮನೆಯಲ್ಲಿ ಹುಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹಾಸು ಎಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲು, ಅದರಲ್ಲಿ ಒಂದರ ಹಿಂದೊಂದು ಸೀರೆಗಳು ಇಳಿಯುತ್ತವೆ. ಕಾಯಿ ಒಡೆದು, ಕುಂಕುಮ ಇಟ್ಟು ಏರಿಸಿದ ಹಾಸು ಇಳಿಯುವ ತನಕ ಮನೆ ಒಡೆಯಬಾರದು. ಅಣ್ಣತಮ್ಮಂದಿರು ಎಷ್ಟೇ ಬಡಿದಾಡಿಕೊಂಡಿದ್ದರೂ ಪಾಲು ಕೇಳುವುದಿಲ್ಲ. ಸೊಸೆ ಮುನಿಸಿಕೊಂಡು ತವರಿಗೆ ಹೋಗುವುದಿಲ್ಲ. ಅಂಚಿಗೆ ಕೂತವಳ ಜಾಗದಲ್ಲಿ ಓಣಿಯ ಇನ್ನೊಬ್ಬ ಹೆಂಗಸು ಬಂದು ಕೂರುವುದೂ ಇಲ್ಲ, ಕೈ ಬದಲಾದರೆ ಅಂಚು ಸುಕ್ಕು ಹಿಡಿಯುತ್ತದೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ನಮ್ಮವ್ವ ಕೂಡ, ಮಗಳ ಬೆನ್ನನ್ನು ಕಣ್ಣಾರೆ ಕಂಡ ನಮ್ಮವ್ವ ಕೂಡ, "ಹಾಸು ಇಳೀಲಿ, ಆಮ್ಯಾಲ ಕರ್ಕೊಂಡು ಬಾ" ಎಂದಳು.

ಹೀಗಾಗಿ ಕೋರ್ಟಿನ ಆದೇಶ ಕೈಯಲ್ಲಿದ್ದ ನನ್ನ ತಂಗಿ, ಸೂರ್ಯ ಮುಳುಗಿದ ಮೇಲೆ ಒಳಕೋಣೆಯಲ್ಲಿ ಚಿಲಕ ಹಾಕಿಕೊಂಡು ಮಲಗುತ್ತಿದ್ದಳು. ಬೆಳಗಾದರೆ ಚಿಲಕ ತೆಗೆದು ಹೊರಗೆ ಬಂದು ಅವನ ಪಕ್ಕದಲ್ಲೇ ಮಗ್ಗಕ್ಕೆ ಕೂರುತ್ತಿದ್ದಳು. ಅವನು ಹೊಡೆಯುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಎಳೆ ಹರಿದರೆ ಕೈ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದನಂತೆ. "ನೋಡ್ತಾ ಲೆಕ್ಕ ಇಡಾಕತ್ತಾರಕ್ಕಾ," ಎಂದಿದ್ದಳು ಫೋನಿನಲ್ಲಿ.

ಮುಂದಿನ ಪೇಶಿಗೆ ಅವನ ಕಡೆಯ ವಕೀಲ ಬೇರೇನೂ ಹೇಳಲಿಲ್ಲ. ಸ್ವಾಮಿ, ಈ ಇಬ್ಬರೂ ದಿನಾ ಒಂದೇ ಮಗ್ಗಕ್ಕೆ ಕೂತು ನೇಯುತ್ತಾರೆ, ಇದನ್ನು ಹಿಂಸೆಯ ಮನೆ ಎನ್ನಲಾದೀತೇ ಎಂದ. ನೇಯ್ದ ಸೀರೆಯನ್ನೂ ತಂದಿದ್ದ ಪುಣ್ಯಾತ್ಮ. ಅಂಚು ತೋರಿಸಿ, ಹೊಡೆತ ತಿಂದವಳ ಕೈ ಇಷ್ಟು ನಿಗಾ ಇಟ್ಟು ಕೂಡಿಸುತ್ತದೆಯೇ ಎಂದು ಕೇಳಿದ. ನ್ಯಾಯಾಧೀಶರು ತಂಗಿಯತ್ತ ತಿರುಗಿ ತೆಲುಗಿನಲ್ಲಿ, ನಿಜವೇನಮ್ಮಾ, ಇಬ್ಬರೂ ಕೂಡಿಯೇ ನೇಯುತ್ತೀರಾ ಎಂದರು.

"ಅವುನು ಸಾರ್," ಎಂದಳು. ಹೌದು ಎನ್ನದೆ ಇನ್ನೇನು ಹೇಳಿಯಾಳು, ಅದು ನಿಜವೇ ಆಗಿತ್ತು. ಅವಳ ಕೈಗಳು ಕಟಕಟೆಯ ಮೇಲಿದ್ದವು. ಒಂದು ಗೀರು ಇಲ್ಲದ, ತೊಳೆದಿಟ್ಟಂಥ ಕೈಗಳು. ನನಗೆ ಅಲ್ಲೇ ಎದ್ದು ನಿಂತು, ಅವಳ ಬೆನ್ನು ನೋಡಿರೋ ಎಂದು ಚೀರಬೇಕೆನಿಸಿತು. ಬೆನ್ನಿನ ಗಾಯ ಅಷ್ಟರಲ್ಲಿ ವಾಸಿಯಾಗಿಹೋಗಿತ್ತು.

ಊಟದ ಬಿಡುವಿನಲ್ಲಿ ಅವನ ಕಡೆಯ ಹಿರಿಯರು ನಮ್ಮನ್ನು ವರಾಂಡದಲ್ಲೇ ಸುತ್ತುವರಿದರು. ಅವರ ಮಟ್ಟಿಗೆ ವ್ಯಾಜ್ಯವೇ ಮುಗಿದಿತ್ತು.

"ಮಗ್ಗಕ್ಕ ಕುಂತಾಳಂದ್ರ ಒಪ್ಯಾಳಂತ ಅರ್ಥ. ಇನ್ನ ರಾಜಿ ಮಾಡಾಕ ಏನೈತಿ?" ಎಂದ ಒಬ್ಬ ಮುದುಕ, ಬಹಳ ಸಮಾಧಾನದಿಂದ. ಅವನ ಕಣ್ಣಲ್ಲಿ ಮೋಸವಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ನಾನು ಬಾಯಿಗೆ ಬಂದಂತೆ ಬೈದೆ. ಅವರು ನನ್ನನ್ನು ಬಿಟ್ಟು ತಂಗಿಯ ಮುಖ ನೋಡಿದರು, ಅವಳು ನೆಲ ನೋಡಿದಳು.

ರಾಜಿಯಾಯಿತು. ನ್ಯಾಯಾಧೀಶರು ಸುಮ್ಮನೆ ಬಿಡಲಿಲ್ಲ, ಅವಳಿಗೆ ಎರಡು ಸಲ ಕೇಳಿದರು, ನಿನ್ನ ಮನಸ್ಸಿನಿಂದಲೇ ಒಪ್ಪುತ್ತಿದ್ದೀಯಾ ಎಂದು. ಅವಳು ಹೂಂ ಎಂದು ತಲೆಯಾಡಿಸಿದಳು. ಆದರೂ ಒಂದು ಮಾತನ್ನು ಅವರು ರಾಜಿಯಲ್ಲಿ ಬರೆಸಿಯೇ ಬರೆಸಿದರು: ಈಕೆಯನ್ನು ಆ ಮನೆಯಿಂದ ಯಾವ ಕಾರಣಕ್ಕೂ ಹೊರಗೆ ಹಾಕಕೂಡದು. ಅವನು ಎರಡೂ ಕೈ ಜೋಡಿಸಿದ. "ಹಾಕಂಗಿಲ್ರೀ ಸಾಹೇಬ್ರ. ಎಂದೂ ಹಾಕಂಗಿಲ್ಲ," ಎಂದ.

ಬಸ್ ಸ್ಟ್ಯಾಂಡಿನ ತನಕ ನಾನು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದೆ. ಮಕ್ತಲ್ ಬಸ್ಸು ಹತ್ತುವಾಗ ಅವಳೇ ನನ್ನ ಸೆರಗು ಹಿಡಿದಳು.

"ಸಿಟ್ಟಾಗಬ್ಯಾಡಕ್ಕಾ. ಈ ಹಾಸಿನಾಗ ಇನ್ನ ಒಂದ ಸೀರಿ ಉಳದೈತಿ. ಅದು ಇಳಿದಂದ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗು. ಹಾಸಿಲ್ಲದ ಮಗ್ಗ ಬಿಟ್ಟು ಬಂದ್ರ ಯಾರೇನಂತಾರ?"

ಅದು ಸರಿಯಾದ ಮಾತಾಗಿತ್ತು. ಹಾಸಿಲ್ಲದ ಮಗ್ಗ ಬಿಟ್ಟು ಬಂದವಳನ್ನು ಆ ಹಿರಿಯರೂ ಆಡಿಕೊಳ್ಳಲಾರರು. ಮಕ್ತಲಿನಲ್ಲಿ ನನ್ನ ಮನೆಯ ಹಿಂದಿನ ಕೋಣೆಯನ್ನು ನಾನು ಸಾರಿಸಿ, ಸುಣ್ಣ ಬಳಿಸಿ ಇಟ್ಟೆ. ಅವ್ವ ಅಲ್ಲಿ ಅವಳಿಗಾಗಿ ಒಂದು ಹೊಸ ಕೌದಿ ಮಡಚಿಟ್ಟಳು. ಅಧಿಕಾರಿಯಮ್ಮನನ್ನೂ ಕೇಳಿ ಬಂದೆ: ರಾಜಿಯಾದರೇನು, ಅವಳು ಹೊರಗೆ ಬಂದು ಮತ್ತೆ ಅರ್ಜಿ ಹಾಕಬಹುದು, ಜೀವನಾಂಶ ಕೇಳಬಹುದು ಎಂದರು. ಅವಳು ಬಂದರೆ ಸಾಕಾಗಿತ್ತು.

ಫೋನು ಬಂತು. "ನಾಳೆ ಕೊನೀ ಸೀರಿ ಮಗ್ಗದಿಂದ ಕೊಯ್ತಾರಕ್ಕಾ," ಎಂದಳು, ಪಿಸುಮಾತಿನಲ್ಲಿ. ಆ ದನಿಯಲ್ಲಿ ಸಣ್ಣವಳಿದ್ದಾಗಿನ ಸಡಗರವಿತ್ತು, ನಾನು ಅದನ್ನು ಮರೆತೇಬಿಟ್ಟಿದ್ದೆ. ಮೊದಲ ಬಸ್ಸಿಗೇ ಹೊರಟೆ. ಜೂರಾಲ ಅಣೆಕಟ್ಟು ದಾಟುವಾಗ ಗೇಟು ತೆರೆದಿದ್ದರು, ಹೊಳೆ ಭೋರ್ಗರೆಯುತ್ತಿತ್ತು, ಜನ ಕಿಟಕಿಗೆ ಮುಗಿಬಿದ್ದು ನೋಡಿದರು. ನಾನೂ ನೋಡಿದೆ, ಖುಷಿಯಾಗಿದ್ದೆ. ಗದ್ವಾಲದಲ್ಲಿ ಇಳಿದು ಆಟೋ ಮಾಡಿ, ಓಣಿಯ ಬಾಯಲ್ಲಿ ನಿಲ್ಲಿಸಿ, ಐದೇ ನಿಮಿಷ ಇರಪ್ಪಾ, ಒಂದು ಗಂಟು, ಇಬ್ಬರು ಹೆಂಗಸರು ಎಂದು ಹೇಳಿ ಒಳಗೆ ಹೋದೆ.

ಸೀರೆ ಕೊಯ್ದಿದ್ದರು. ಮಡಚಿ, ಅರಿಸಿನ ಹಚ್ಚಿ, ದೇವರ ಮುಂದೆ ಇಟ್ಟಿದ್ದರು. ಎಳೆಗಳು ಹಾಯುವ ಬಾಚಣಿಗೆಯಂಥ ಮಗ್ಗದ ಹಣಿಗೆಯಲ್ಲಿ ಹಳೆಯ ಹಾಸಿನ ತುದಿಗಳು ಗೇಣುದ್ದ ಉಳಿದಿದ್ದವು. ಅದರ ಮುಂದೆ ಹೊಸ ಹಾಸನ್ನು ಹರವಿಕೊಂಡು ಅತ್ತೆ ಸೊಸೆ ಇಬ್ಬರೂ ಕೆಚ್ಚುತ್ತಿದ್ದರು.

ಕೆಚ್ಚುವುದೆಂದರೆ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಇಟ್ಟು, ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಒಂದು ಮಾಡುವುದು. ಹಾಗೆ ಮಾಡದಿದ್ದರೆ ಸಾವಿರಾರು ಎಳೆಗಳನ್ನು ಮತ್ತೆ ಮೊದಲಿನಿಂದ ಹಣಿಗೆಗೆ ಪೋಣಿಸಬೇಕು, ಯಾವ ನೇಕಾರನೂ ಆ ಉಸಾಬರಿಗೆ ಹೋಗುವುದಿಲ್ಲ. ಒಂದು ಹಾಸಿನ ತುದಿ ಮಗ್ಗ ಬಿಡುವ ಮೊದಲೇ ಇನ್ನೊಂದು ಅದಕ್ಕೆ ಅಂಟಿಕೊಂಡಿರುತ್ತದೆ. ನನ್ನಪ್ಪನ ಮಗ್ಗ ನಾನು ಹುಟ್ಟಿದಂದಿನಿಂದ ಅವನು ಸಾಯುವ ತನಕ ಒಂದು ದಿನವೂ ಬರಿದಾದದ್ದನ್ನು ನಾನು ಕಂಡಿಲ್ಲ. ಅಂಥ ಮನೆಯಲ್ಲಿ ಹುಟ್ಟಿಯೂ ಬಸ್ ಸ್ಟ್ಯಾಂಡಿನಲ್ಲಿ ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

"ಏನ ಮಾಡಾಕತ್ತೀ?" ಎಂದೆ.

ಅವಳು ತಲೆಯೆತ್ತಲಿಲ್ಲ. ಬೆರಳುಗಳು ನಿಲ್ಲಲಿಲ್ಲ. "ನಸುಕಿನಾಗ ಹಾಸು ತಂದುಬಿಟ್ರಕ್ಕಾ. ಅತ್ತಿ ಒಬ್ಬಾಕಿನ ಕುಂತಿದ್ಲು. ಆಕಿಗೆ ಕಣ್ಣ ಸರೀಗ ಕಾಣಂಗಿಲ್ಲ, ಎಳಿ ತಪ್ಪಿಸಿ ಕೂಡಸಾಕತ್ತಿದ್ಲು. ಎಳಿ ತಪ್ಪಿದ್ರ ಹೊಡತ ಯಾರಿಗೆ ಬೀಳ್ತಾವ?"

"ನೀ ಇಲ್ಲಿ ಇರಂಗೇ ಇಲ್ಲಲ್ಲ! ಹೊಂಟೀದಿ!"

ಆಗ ಅವಳ ಬೆರಳು ನಿಂತವು. ಕೆಚ್ಚಿದ ಎಳೆಗಳನ್ನು ನೋಡಿದಳು. ಅರ್ಧಕ್ಕಿಂತ ಹೆಚ್ಚು ಅವಳ ಕೈಯವೇ ಆಗಿದ್ದವು. ಹೊಡೆತಕ್ಕೆ ಹೆದರಿ ಹೆದರಿ, ತಾನು ಇವತ್ತು ಈ ಮನೆ ಬಿಡುವವಳು ಎಂಬುದನ್ನೇ ಅವಳ ಕೈ ಮರೆತಿತ್ತು.

ಬಾಗಿಲಲ್ಲಿ ಅವನು ನಿಂತಿದ್ದ. "ಬರ್ರಿ ಅಕ್ಕಾರ, ಕುಂದರ್ರಿ. ಚಾ ಕುಡೀರಿ," ಎಂದ.

ಸೀರೆ ಕೊಯ್ದ ಕತ್ತರಿ ಅಲ್ಲೇ ಬಿದ್ದಿತ್ತು. ನಾನು ಅದನ್ನು ಎತ್ತಿಕೊಂಡು ಹೊಸ ಹಾಸಿನ ಎಳೆಗಳಿಗೇ ಕೈ ಹಾಕಿದೆ. ಅತ್ತೆ ಹೌಹಾರಿ ಕೂಗಿದಳು. ಕತ್ತರಿ ಹಿಡಿದ ನನ್ನ ಕೈಯನ್ನು ಬಿಗಿಯಾಗಿ ಹಿಡಿದದ್ದು ಮಾತ್ರ ನನ್ನ ತಂಗಿ. ಅವಳ ಕೈಯಲ್ಲಿ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ.

"ಬ್ಯಾಡಕ್ಕಾ. ಇದನ್ನ ಕತ್ತರಿಸಿ ನೀ ಹೋಗ್ತೀ. ನಾ ಎಲ್ಲಿಗಿ ಹೋದ್ರೂ ಇವ್ರು ಬಿಡಂಗಿಲ್ಲ." ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಕೇಳುವಂತೆ, "ಈ ಹಾಸು ಇಳೀಲಿ," ಎಂದಳು.

ಕತ್ತರಿ ಕೆಳಗಿಟ್ಟೆ. ಆಟೋದಲ್ಲಿ ಒಬ್ಬಳೇ ವಾಪಸು ಬಂದೆ.

ಅದಾಗಿ ಎಷ್ಟು ಹಾಸು ಏರಿದವೋ. ಅವ್ವ ತೀರಿಕೊಂಡಳು, ಆ ಕೌದಿಯನ್ನು ನಾನೇ ಹೊದೆಯುತ್ತೇನೆ. ನಮ್ಮ ನಾರಾಯಣಪೇಟೆಯೂ ಜಿಲ್ಲೆಯಾಯಿತು, ಹೊಸ ಕಚೇರಿ, ಹೊಸ ಅಧಿಕಾರಿಗಳು ಬಂದರು. ಈಗಲೂ ಅಂಗನವಾಡಿಯಲ್ಲಿ ಆ ಪಟ ಬಿಚ್ಚಿ ತಾಯಂದಿರಿಗೆ ಕಾನೂನು ಹೇಳುತ್ತೇನೆ, ಹೇಳುವಾಗ ಅವರ ಮುಖ ನೋಡುವುದಿಲ್ಲ. ಹೋದ ಸಲ ತಂಗಿಯನ್ನು ಕಂಡಾಗ ಅವಳ ಮುಂದಿನ ಹಲ್ಲು ಒಂದು ಇರಲಿಲ್ಲ, ಒಂದು ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೈಗಳು ಹಾಗೇ ಇದ್ದವು. ಅವನು ನ್ಯಾಯಾಧೀಶರ ಮುಂದೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಾನೆ. ನನ್ನ ತಂಗಿಯನ್ನು ಆ ಮನೆಯಿಂದ ಯಾರೂ ಹೊರಗೆ ಹಾಕಿಲ್ಲ.